ಒಂದು ಮೂರು ಕಡಿಮೆ

ಜನವರಿ 9

ಪ್ರಿಯ ಬೋರ್ಡು,

ಹನ್ನೊಂದು ವರ್ಷದ ಮೇಲೆ ಕಾಗದ ಬರೆಯುವವನು ಮೊದಲು ಕುಶಲ ವಿಚಾರಿಸಬೇಕು. ನಾನು ವಿಚಾರಿಸುವುದಿಲ್ಲ. ಇದು ಕಚೇರಿ ವ್ಯವಹಾರ.

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಸುದ್ದಿ ಪೇಪರಿನಲ್ಲಿ ನೋಡಿರುತ್ತೀಯ. ಯಜಮಾನರ ಹೆಂಚಿನ ಕಾರ್ಖಾನೆ ದಿವಾಳಿ ಎದ್ದಿತು. ಅದು ಎದ್ದದ್ದೇ ತಡ, ನಾವು ಬಿದ್ದೆವು. ಆಟಗಾರರು ತಮ್ಮ ಅಂಗಿ ತಾವೇ ಒಗೆದುಕೊಳ್ಳುತ್ತಿದ್ದಾರೆ. ಚೆಂಡುಗಳನ್ನು ಅಂಗಡಿಯವನು ವಾಪಸ್ ತೆಗೆದುಕೊಂಡು ಹೋದ. ಬಾಗಿಲ ಮೇಲೆ ಇನ್ನೂ 'ಕಾಲ್ಚೆಂಡು ಸಂಘ' ಅಂತ ಫಲಕವಿದೆ. ಒಳಗೆ ಕಾಲೂ ಇಲ್ಲ, ಚೆಂಡೂ ಇಲ್ಲ, ಒಬ್ಬರ ಕಾಲು ಒಬ್ಬರು ಎಳೆಯುವವರು ಮಾತ್ರ ಇದ್ದೇವೆ.

ಕೋರ್ಟಿನಿಂದ ಒಬ್ಬ ಅಧಿಕಾರಿ ಬಂದಿದ್ದಾರೆ. ಹೆಂಗಸು, ಮೂವತ್ತೈದರ ಒಳಗೆ, ನಗುವುದನ್ನು ಸರ್ಕಾರಿ ವೆಚ್ಚದಂತೆ ಯೋಚಿಸಿ ಮಾಡುತ್ತಾರೆ. ಇರುವ ಸಾಮಾನೆಲ್ಲ ಪಟ್ಟಿ ಮಾಡುವುದು, ಮಾರ್ಚ್ ಮುಗಿಯುವುದರೊಳಗೆ ಕ್ಲಬ್ಬಿಗೆ ಹೊಸ ಮಾಲೀಕರನ್ನು ಹುಡುಕುವುದು, ಸಿಗದಿದ್ದರೆ ಮೈದಾನ ಹರಾಜು ಹಾಕುವುದು, ಇವು ಅವರ ಕೆಲಸ. ನಾವು ಪಟ್ಟಿ ಮೇಡಂ ಅನ್ನುತ್ತೇವೆ. ನಾನು ಮೈಕಿನಲ್ಲಿ ಆಟ ಹೇಳುವ ಗೂಡಿಗೂ ಹತ್ತಿ ಬಂದರು. ನಾನು ಅಲುಗಾಡದೆ ಕೂತಿದ್ದೆ. 'ಮೈಕು, ಒಂದು, ಹಳೆಯದು' ಎಂದು ಬರೆದುಕೊಂಡರು. ಉಪಕರಣದ ಬಗ್ಗೆಯೇ ಇರಬೇಕು.

ಆಮೇಲೆ ಕೆಳಗೆ ನಿನ್ನ ಸ್ಕೋರ್ ಬೋರ್ಡಿಗೆ ಇಳಿದರು. ಅಂಕಿ ಹಲಗೆಗಳು: ಅತಿಥಿ ತಂಡದ್ದು ಸೊನ್ನೆಯಿಂದ ಒಂಬತ್ತು, ಪೂರ್ತಿ. ನಮ್ಮದು ಸೊನ್ನೆಯಿಂದ ಒಂಬತ್ತು, ಒಂದು ಮೂರು ಕಡಿಮೆ.

"ಎಲ್ಲಿ ಹೋಯ್ತು?"

"ಹಿಂದೆ ಇದ್ದ ಬೋರ್ಡಿನವರು ಕೆಲಸ ಬಿಟ್ಟ ದಿನ ತಗೊಂಡು ಹೋದರು."

"ಕದ್ದರಾ?"

ಸಾವಿರಾರು ಜನರ ಮುಂದೆ ತಡವರಿಸದೆ ಮಾತಾಡಿದವನು ಒಬ್ಬರ ಮುಂದೆ ಕೆಮ್ಮಿದೆ. ವಿಚಾರಿಸಿ ತಿಳಿಸಿ ಅಂದರು. ವಿಚಾರಿಸುತ್ತಿದ್ದೇನೆ.

ನಿನ್ನ ಗಮನಕ್ಕೆ: ಆ ಮೂರು ಇಲ್ಲದೆ ನಾವು ಮೂರಾಬಟ್ಟೆಯಾಗಿದ್ದೇವೆ. ನಮಗೆ ಮೂರನೇ ಗೋಲು ಬಿದ್ದರೆ ಅತಿಥಿಗಳ ಮೂರನ್ನು ಎರವಲು ತರುತ್ತಿದ್ದೆವು. ಮೂರು-ಮೂರು ಆದ ಒಂದೇ ಒಂದು ದಿನ ನಮ್ಮ ಕಡೆಗೆ ಎಂಟು ನೇತುಹಾಕಿ, ಎಡಭಾಗಕ್ಕೆ ಟವೆಲ್ ಮುಚ್ಚಿದೆವು. ಗಾಳಿ ಬೀಸಿದಾಗಲೆಲ್ಲ ನಾವು ಎಂಟು ಗೋಲಿನಿಂದ ಮೆರೆದೆವು.

ಉತ್ತರ ಬರೆಯುವುದು.

ಇತಿ,
ಮೈಕು


ಜನವರಿ 31

ಪ್ರಿಯ ಬೋರ್ಡು,

ಉತ್ತರ ಬರಲಿಲ್ಲ. ಅಂಚೆಯವನ ತಪ್ಪು ಅಂದುಕೊಳ್ಳುವಷ್ಟು ದಡ್ಡನಲ್ಲ, ಅಂದುಕೊಳ್ಳದೆ ಇರುವಷ್ಟು ಧೈರ್ಯವೂ ಇಲ್ಲ.

ಮಾಲೀಕರ ಹುಡುಕಾಟ ನಡೆದಿದೆ; ಹೆಣ್ಣು ನೋಡುವ ಶಾಸ್ತ್ರದಂತೆ ವಾರಕ್ಕೊಬ್ಬರು ಬರುತ್ತಾರೆ. ಮೊದಲು ಬಂದವರು ಹಾಸಿಗೆ ಕಾರ್ಖಾನೆಯವರು. ಗೋಲಿನ ಮುಂದೆ ಬಿದ್ದ ಆಟಗಾರ ನಮ್ಮ ಹಾಸಿಗೆಯ ಮೇಲೆ ಬಿದ್ದ ಹಾಗೆ ಜಾಹೀರಾತು ಮಾಡಬಹುದು ಅಂದರು. ನಮ್ಮ ಹಿಂದಿನ ಸಾಲಿನವರು ಆಗಲೇ ಆರು ತಿಂಗಳಿಂದ ಮಲಗಿದ್ದಾರೆ, ಹಾಸಿಗೆ ಮಾತ್ರ ಬಾಕಿ ಅಂದೆ. ಪಟ್ಟಿ ಮೇಡಂ ನನ್ನನ್ನು ಹೊರಗೆ ಕಳಿಸಿದರು. ಹಾಸಿಗೆಯವರು ಯೋಚಿಸಿ ಹೇಳ್ತೀವಿ ಅಂತ ಹೋದರು. ಇನ್ನೂ ಅದರ ಮೇಲೇ ಮಲಗಿ ಯೋಚಿಸುತ್ತಿರಬೇಕು.

ಎರಡನೆಯವರು ಅಳತೆ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ನಡೆದರು. ಮಾಲಿ ಅವರ ಹಿಂದೆಯೇ ಸುತ್ತಿ ಬಂದು ನನಗೆ ಹೇಳಿದ: "ಇವರು ಬೇಡ ಸಾರ್. ಹುಲ್ಲು ನೋಡಲೇ ಇಲ್ಲ, ನೆಲ ನೋಡಿದರು."

ಮಾಲಿ ಅಂದರೆ ನಮ್ಮ ಹಳೇ ಮಾಲಿಯೇ. ಸಂಬಳವಿಲ್ಲದೆಯೂ ದಿನಾ ಬಂದು ಹುಲ್ಲು ಕತ್ತರಿಸುತ್ತಾನೆ. ಯಾಕಪ್ಪ ಅಂದರೆ, "ಯಜಮಾನರು ಹೋದದ್ದು ಹುಲ್ಲಿಗೆ ಗೊತ್ತಿಲ್ಲವಲ್ಲ ಸಾರ್, ಬೆಳೀತಾನೇ ಇದೆ" ಅನ್ನುತ್ತಾನೆ. ಮಾಲಿಗೂ ಮಾಲೀಕನಿಗೂ ಇರುವುದು ಒಂದೇ ಅಕ್ಷರದ ಅಂತರ ಅಂತ ತರಗತಿಯಲ್ಲಿ ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ. ಈಗ ಆ ಅಕ್ಷರ ಹೋಯಿತು, ಮಾಲಿ ಉಳಿದ.

ಅತ್ತಿಗೆ ಹೇಗಿದ್ದಾರೆ? (ಇದು ಕುಶಲ ವಿಚಾರಣೆಯಲ್ಲ. ವಿಳಾಸ ಸರಿಯೇ ಅಂತ ತಿಳಿಯಲು.)

ಇತಿ,
ಮೈಕು


ಫೆಬ್ರವರಿ 8

ಮೇಷ್ಟ್ರೇ,

ವಿಳಾಸ ಸರಿ ಇದೆ. ಮೂರು ನನ್ನ ಹತ್ತಿರ ಇದೆ. ಕದ್ದಿಲ್ಲ. ಕಳಿಸೋದೂ ಇಲ್ಲ.

ಬಡಗಿ


ಫೆಬ್ರವರಿ 15

ಪ್ರಿಯ ಬೋರ್ಡು,

ನಿನ್ನ ಕಾರ್ಡು, ಸಹಿಯೂ ಸೇರಿ, ಹನ್ನೆರಡು ಪದ. ಎರಡು ಸಲ ಎಣಿಸಿದೆ. ಪಟ್ಟಿ ಮೇಡಂ ಸಹವಾಸ. ಇಷ್ಟು ಉದ್ದದ ಕಾಗದ ನೀನು ಯಾರಿಗೂ ಬರೆದಿರಲಾರೆ ಅಂತ ಸಮಾಧಾನವಾಯಿತು.

ನಿನ್ನೆ ಗೂಡಿನಲ್ಲಿ ಒಬ್ಬನೇ ಕೂತಿದ್ದೆ. ಕರೆಂಟು ಕಿತ್ತಿದ್ದಾರೆ, ಮೈಕು ಮೂಕ. ಕಾಲೇಜಿನಲ್ಲಿ ಆರು ದಿನ ಪಾಠ, ಏಳನೇ ದಿನ ಇಲ್ಲಿ ಮೈಕು. ನನ್ನ ಜೀವಮಾನದ ಭಾನುವಾರಗಳೆಲ್ಲ ನೀನು ಕಟ್ಟಿದ ಈ ಮರದ ಗೂಡಿನಲ್ಲೇ ಕಳೆದವು. ನೀನು ಕಟ್ಟಿದ ಕಿಟಕಿ ಇನ್ನೂ ಕಿರುಗುಟ್ಟುವುದಿಲ್ಲ; ಕಿರುಗುಟ್ಟುವುದು ನನ್ನ ಮಂಡಿ. ದಾರ ಹಾಗೇ ಮೊಳೆಗೆ ಸುತ್ತಿದೆ, ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ನಾನು ಮೇಲೆ, ಸರಿಯಾಗಿ ನನ್ನ ಕಾಲ ಕೆಳಗೆ ಬೋರ್ಡಿನ ಹಿಂದೆ ನೀನು, ಮಧ್ಯೆ ಹದಿನೆಂಟು ಅಡಿ ದಾರ. ಬೋರ್ಡಿನ ಹಿಂದೆ ನಿಂತವನಿಗೆ ಆಟ ಕಾಣುವುದಿಲ್ಲ. ನಾನು ಚೀಟಿ ಬರೆದು ಇಳಿಬಿಡಬೇಕು, ನೀನು ಎರಡು ಸಲ ಜಗ್ಗಬೇಕು, ಮುಟ್ಟಿತು ಅಂತ. ಇಪ್ಪತ್ತೆರಡು ವರ್ಷ ನೀನು ನನ್ನ ಕೈಬರಹದಲ್ಲೇ ಫುಟ್‌ಬಾಲ್ ನೋಡಿದೆ. 'ಗೋಲು. ನಮ್ಮದೇ. ನಂಬು.' 'ಗೋಲಲ್ಲ, ಗೋಳು. ಅವರಿಗೆ ಒಂದು ಹಾಕು.' 'ಏನೂ ಆಗಿಲ್ಲ, ಸುಮ್ಮನೆ ಬರೆದೆ.' ಆ ಕೊನೆಯ ಥರದವಕ್ಕೂ ನೀನು ಎರಡು ಸಲ ಜಗ್ಗುತ್ತಿದ್ದೆ.

ಆ ಕೊನೆಯ ಭಾನುವಾರವೂ ನೆನಪಾಯಿತು. ನಮ್ಮ ಜೊತೆ ತಳದಲ್ಲಿ ಒದ್ದಾಡುತ್ತಿದ್ದ ಬಂದರಿನ ತಂಡ ಬೇರೆ ಊರಿಗೆ ಹೋಗಿ ಆಡುತ್ತಿತ್ತು. ಅವರು ಸೋತರೆ ನಮಗೆ ಡ್ರಾ ಸಾಕು, ಗೆದ್ದರೆ ನಾವೂ ಗೆಲ್ಲಲೇಬೇಕು. ನಮ್ಮದು ಎರಡು-ಎರಡು. ಅವರ ಸ್ಕೋರು ನನಗೆ ಫೋನಿನಲ್ಲಿ ಬಂತು, ಚೀಟಿಯಲ್ಲಿ ನಿನಗೆ ಇಳಿಯಿತು. ಬಂದರಿನವರು ಸೋಲುತ್ತಿದ್ದಾರೆ ಅಂತ ಬೋರ್ಡು ಹೇಳಿತು. ನಮ್ಮ ಹುಡುಗರು ಅದನ್ನು ನೋಡಿ ಕೊನೆಯ ಹತ್ತು ನಿಮಿಷ ಚೆಂಡನ್ನು ಮೂಲೆಯಲ್ಲಿ ಇಟ್ಟುಕೊಂಡು ಮಗುವಿನ ಹಾಗೆ ಆಡಿಸಿದರು. ಸೀಟಿ ಕೂಗಿತು, ತಬ್ಬಿಕೊಂಡರು. ಆಮೇಲೆ ಯಾರದೋ ರೇಡಿಯೋ ಬೇರೆಯೇ ಹೇಳಿತು. ಬಂದರಿನವರು ಗೆದ್ದಿದ್ದರು. ನಾವು ಕೆಳಗಿನ ದರ್ಜೆಗೆ ಇಳಿದೆವು. ಜನ ಬೋರ್ಡಿಗೆ ಕಲ್ಲು ಹೊಡೆದರು.

ಮಾರನೆಯ ದಿನ ಸಮಿತಿಯವರು ನಮ್ಮಿಬ್ಬರನ್ನೂ ಕೂರಿಸಿ ಕೇಳಿದರಲ್ಲ, ಆ ಕೋಣೆಯ ಫ್ಯಾನು ಯಾಕೆ ಅಷ್ಟು ನಿಧಾನಕ್ಕೆ ತಿರುಗುತ್ತಿತ್ತೋ. ಇರಲಿ. ಮಾಲಿ ಚಹಾ ತಂದಿದ್ದಾನೆ.

ಇತಿ,
ಮೈಕು


ಫೆಬ್ರವರಿ 27

ಮೇಷ್ಟ್ರೇ,

ಅಂಗಡಿಯಲ್ಲಿ ಬಾಗಿಲು ಮಾಡೋ ಕೆಲಸ ಜಾಸ್ತಿ, ಅದಕ್ಕೆ ತಡ. ಮೂರು ಯಾಕೆ ತಂದೆ ಅಂತ ನಿಮ್ಮ ಮೇಡಂಗೆ ಬರೆದು ಕೊಡು.

ನನ್ನ ಅಭ್ಯಾಸ ನಿನಗೆ ಗೊತ್ತಿಲ್ಲ. ನೀನು ಮೇಲಿದ್ದೆ, ನಾನು ಹಿಂದೆ ಏನು ಮಾಡ್ತೀನಿ ಅಂತ ಬಗ್ಗಿ ನೋಡಿದವನಲ್ಲ. ನಮ್ಮವರದ್ದು ಯಾವ ಅಂಕಿ ಮೇಲಿದೆಯೋ, ಅದರ ಮುಂದಿನದನ್ನು ಯಾವಾಗಲೂ ಕೈಯಲ್ಲಿ ಹಿಡಿದೇ ನಿಲ್ತಿದ್ದೆ. ಸೊನ್ನೆ ಇದ್ದರೆ ಒಂದು. ಒಂದಿದ್ದರೆ ಎರಡು. ಎದುರಾಳಿಯದನ್ನು ಹಿಡೀತಿರಲಿಲ್ಲ, ಅದು ನೆಲದ ಮೇಲೆ ಇರೋದು. ಆರು ಗೋಲಿಗೆ ಸೋಲ್ತಾ ಇದ್ದ ದಿನವೂ ನನ್ನ ಕೈಯಲ್ಲಿ ಒಂದು ಇತ್ತು.

ಆವತ್ತು ಎರಡು ಮೇಲಿತ್ತು, ಮೂರು ಕೈಯಲ್ಲಿತ್ತು. ಕಲ್ಲು ಬೀಳೋಕೆ ಶುರುವಾಯ್ತು. ಮಾಲಿ ಹಿಂದಿನ ಗೇಟು ತೆಗೆದು ಹೋಗಿಬಿಡಿ ಅಂದ. ಹೋದೆ. ಮನೆ ಬಾಗಿಲಲ್ಲಿ ಇವಳು, ಕಂಕುಳಲ್ಲಿ ಏನು ಅಂದಳು. ನೋಡಿಕೊಂಡರೆ ಮೂರು.

ವಾಪಸ್ ಕೊಡೋಕೆ ಮೂರು ದಿನ ಹೊರಟೆ. ಕೊಡಬೇಕಾದ್ದು ನಿನ್ನ ಕೈಗೆ. ಯಾರಾದರೂ ಕೇಳಿಕೊಂಡು ಬರಲಿ ಅಂತ ಸುಮ್ಮನಾದೆ. ಊರು ಬಿಡೋವರೆಗೆ ಕಾದೆ.

ಫ್ಯಾನಿನ ವಿಷಯ ಬರೆದಿದ್ದೀಯ. ಫ್ಯಾನು ಸರಿಯಾಗೇ ತಿರುಗುತ್ತಿತ್ತು.

ಬಡಗಿ


ಮಾರ್ಚ್ 6

ಪ್ರಿಯ ಗೆಳೆಯ,

ಈ ಕಾಗದದಲ್ಲಿ ತಮಾಷೆ ಇಲ್ಲ.

ಫೋನಿನಲ್ಲಿ ಯಾವಾಗಲೂ ಆತಿಥೇಯರ ಸ್ಕೋರು ಮೊದಲು ಹೇಳುತ್ತಾರೆ. ಆವತ್ತು 'ಸೊನ್ನೆ, ಒಂದು' ಅಂದರು. ಬಂದರಿನವರು ಅಲ್ಲಿ ಅತಿಥಿಗಳು, ಒಂದು ಅವರದ್ದು. ನನಗೆ ಬೇಕಾಗಿದ್ದದ್ದು ಬಂದರಿನವರ ಸುದ್ದಿ ಮಾತ್ರ. ಹಾಗಾಗಿ ಚೀಟಿಯಲ್ಲಿ ಅವರ ಹೆಸರು ಮೊದಲು ಬರೆದೆ. ಹೆಸರು ತಿರುಗಿಸಿದೆ, ಅಂಕಿ ತಿರುಗಿಸಲಿಲ್ಲ. ಮೂವತ್ತು ವರ್ಷ ಬೇರೆಯವರ ಉತ್ತರಪತ್ರಿಕೆ ತಿದ್ದಿದವನು ನಾನು.

ನೀನು ಚೀಟಿಯಲ್ಲಿ ಇದ್ದದ್ದನ್ನೇ ನೇತುಹಾಕಿದೆ. ಸಮಿತಿಯವರು ಚೀಟಿ ಎಲ್ಲಿ ಅಂದಾಗ ನೀನು ನನ್ನ ಮುಖ ನೋಡಿದೆ. ನಾನು ಮೇಲೆ ನೋಡಿದೆ. ನೀನು 'ಎಸೆದುಬಿಟ್ಟೆ, ತಪ್ಪು ನಂದೇ ಇರಬಹುದು' ಅಂದೆ. ನಾನು ಆಗಲೂ ಮೇಲೇ ನೋಡುತ್ತಿದ್ದೆ.

ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಒಂದು ವರ್ಷ ಹೋಯಿತು. ಆಮೇಲೆ, ಇಷ್ಟು ತಡವಾದ ಮೇಲೆ ಹೇಗೆ ಹೇಳುವುದು ಅಂತ ಹತ್ತು ವರ್ಷ. ಕೆಳಗಿನ ದರ್ಜೆಗೆ ಜನ ಬರಲಿಲ್ಲ. ಬಾರದೆ ಹೋದ್ದರಿಂದ ಸಮಿತಿ ಕ್ಲಬ್ಬನ್ನು ಹೆಂಚಿನವರಿಗೆ ಮಾರಿತು. ಈಗ ಪಟ್ಟಿ ಮೇಡಂ ಒಂದೊಂದೇ ಸಾಮಾನು ಎಣಿಸುವಾಗ, ಇದೆಲ್ಲ ನನ್ನ ಚೀಟಿಯಿಂದಲೇ ಅನಿಸುತ್ತದೆ.

ಕ್ಷಮಿಸು.

ನಿನ್ನ,
ಮೈಕು


ಮಾರ್ಚ್ 14

ಮೇಷ್ಟ್ರೇ,

ಒಂದು ಚೀಟಿಗೆ ಕ್ಲಬ್ಬು ಮುಳುಗಲ್ಲ. ಆ ಹುಡುಗರು ಬೋರ್ಡು ನೋಡೋ ಬದಲು ಗೋಲು ನೋಡಿದ್ದರೆ ಆಗ್ತಿತ್ತು. ನಿನಗೆ ಮೊದಲಿಂದ ನಿನ್ನ ಬಗ್ಗೆ ಸ್ವಲ್ಪ ಜಾಸ್ತಿ ಅಂದಾಜು.

ಆದರೆ ನನಗೆ ಹೇಳಿ ಏನು ಬಂತು? ನನಗೆ ಅವತ್ತೇ ಗೊತ್ತು. ಗೊತ್ತಿಲ್ಲದವರಿಗೆ ಹೇಳು. ನನ್ನ ಹೆಂಡತಿ ಆ ಊರಿನ ಪೇಟೆಯಲ್ಲಿ ಎರಡು ವರ್ಷ ತಲೆ ತಗ್ಗಿಸಿ ತರಕಾರಿ ತಂದಳು. ನಿನ್ನ ಹತ್ತಿರ ಮೈಕು ಇದೆ.

ಬಡಗಿ

ಮೈಕಣ್ಣ, ಇವರಿಗೆ ಗೊತ್ತಾಗದ ಹಾಗೆ ಕೆಳಗೆ ಎರಡು ಸಾಲು ಸೇರಿಸಿದ್ದೇನೆ. ಆ ಮೂರನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದಾರೆ. ನಾನು ಹನ್ನೊಂದು ವರ್ಷದಿಂದ ಹಿಟ್ಟು ತೆಗೆಯುವಾಗಲೆಲ್ಲ ಅದು ಕಾಲ ಮೇಲೆ ಬೀಳುತ್ತದೆ. ದಯವಿಟ್ಟು ಏನಾದರೂ ಮಾಡಿ. ಅತ್ತಿಗೆ.


ಮಾರ್ಚ್ 19

ಪ್ರಿಯ ಬೋರ್ಡು,

ಮೂರನೆಯವರು ಬಂದಿದ್ದರು. ಬಸ್ಸಿನ ಯಜಮಾನಿ, ಇಪ್ಪತ್ತು ಬಸ್ಸುಗಳಿವೆ. ಕಾರು ಬಿಟ್ಟು ತಮ್ಮದೇ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಬಂದರು, ಕಂಡಕ್ಟರನ ಮೇಲೆ ಕಣ್ಣಿಡಲು. ಕುರ್ಚಿ ಹಾಕಿದರೆ ಬೇಡ ಅಂತ ಸೋವಿ ಟಿಕೆಟಿನ ಸಿಮೆಂಟು ಮೆಟ್ಟಿಲ ಮೇಲೆ ಕೂತು, "ಅಪ್ಪನ ಜೊತೆ ಇಲ್ಲೇ ಕೂರ್ತಿದ್ದೆ" ಅಂದರು. ಪಟ್ಟಿ ಮೇಡಂ ಮುಖದಲ್ಲಿ ಒಂದು ನಗು ಮಂಜೂರಾಯಿತು. ಆದರೆ ಯಜಮಾನಿ ಮಾತು ಕೊಟ್ಟಿಲ್ಲ. ಮಾರ್ಚ್ 29ರ ಭಾನುವಾರ ಈ ಋತುವಿನ ಕೊನೆಯ ಪಂದ್ಯ. ಅದನ್ನು ಆಡಿಸಲು ಕೋರ್ಟು ಒಪ್ಪಿದೆ. "ಬಂದು ನೋಡ್ತೀನಿ. ಎಂಥ ಜನ ಅಂತ ನೋಡಿ ಆಮೇಲೆ ಸಹಿ" ಅಂದರು.

ಎಂಥ ಜನ ಅಂತ ನೋಡಲು ಬರುವವರ ಮುಂದೆಯೇ ಹೇಳಬೇಕು ಅನ್ನುತ್ತೀಯ. ಮೂರು ರಾತ್ರಿ ನಿದ್ದೆ ಬಂದಿಲ್ಲ. ಅವರು ಎದ್ದು ಹೋದರೆ ಮೈದಾನವನ್ನು ಅಳತೆ ಟೇಪಿನವರು ಹರಾಜಿನಲ್ಲಿ ಕೊಳ್ಳುತ್ತಾರೆ, ಎರಡನೇ ಸಲವೂ ನಾನೇ ಕ್ಲಬ್ಬನ್ನು ಇಳಿಸಿದ ಹಾಗಾಗುತ್ತದೆ. ನನ್ನ ಬಗ್ಗೆ ಅಂದಾಜು ಜಾಸ್ತಿ ಅಂದೆಯಲ್ಲ, ಇರಬಹುದು.

ಬಾಡಿಗೆಗೆ ಜನರೇಟರು ಸಿಕ್ಕಿದೆ. ಬೋರ್ಡಿಗೆ ಮಾತ್ರ ಜನವಿಲ್ಲ. ಬಸ್ ಟಿಕೆಟ್ ಒಳಗಿಟ್ಟಿದ್ದೇನೆ, ಹೋಗಿ ಬರಲು. ದಾರ ಕಟ್ಟಿರುತ್ತೇನೆ.

ಇತಿ,
ಮೈಕು


ಏಪ್ರಿಲ್ 2

ಪ್ರಿಯ ಬೋರ್ಡು,

ನೀನು ಆರು ಗಂಟೆ ಹೊತ್ತು ಬಸ್ಸಿನಲ್ಲಿ ಕೂತು ಬಂದೆ, ಚಹಾ ಕುಡಿಯುವಾಗ ಇಬ್ಬರೂ ಮಂಡಿ ನೋವಿನ ಬಗ್ಗೆ ಮಾತ್ರ ಮಾತಾಡಿದೆವು, ನೀನು ಕೊನೆಯ ಬಸ್ಸು ಹಿಡಿದೆ. ನಿನ್ನ ಮಂಡಿ ಬಲಗಡೆಯದು, ನನ್ನದು ಎಡಗಡೆಯದು. ಇಬ್ಬರೂ ಸೇರಿದರೆ ಒಬ್ಬ ಆಟಗಾರ.

ಬೋರ್ಡಿನ ಹಿಂದೆ ನಿಂತವನಿಗೆ ಏನೂ ಕಾಣುವುದಿಲ್ಲ, ಆದ್ದರಿಂದ ಮೇಲಿನಿಂದ ಕಂಡದ್ದನ್ನು ಬರೆಯುತ್ತೇನೆ. ಉದ್ದ ಚೀಟಿ ಅಂದುಕೋ.

ಆಟ ಶುರುವಾಗುವ ಮುಂಚೆ ಹೇಳಬೇಕು ಅಂತಿದ್ದೆ, ಹೇಳಲಿಲ್ಲ. ತಂಡದ ಹೆಸರು ಓದಿದೆ, ಗಂಟಲು ಸರಿಮಾಡಿಕೊಂಡೆ, ನಿಂಬೆಹಣ್ಣಿನ ಪಾನಕದ ಜಾಹೀರಾತು ಓದಿದೆ. ಮೊದಲರ್ಧದಲ್ಲಿ ಒಂದು ಗೋಲು ಹಾಕಿದೆವು, ಆಗಲೂ ಹೇಳಲಿಲ್ಲ. ವಿರಾಮದಲ್ಲಿ ದಾರ ಎರಡು ಸಲ ಜಗ್ಗಿತು. ನಾನು ಏನೂ ಇಳಿಬಿಟ್ಟಿರಲಿಲ್ಲ. ಎಳೆದುಕೊಂಡೆ. ಇಷ್ಟು ವರ್ಷ ಕೆಳಗೇ ಹೋಗುತ್ತಿದ್ದ ದಾರದಲ್ಲಿ ಮೇಲೆ ಬಂದ ಮೊದಲ ಚೀಟಿ. ಮಡಿಸಿದ ಕಡೆ ಹಳದಿಯಾಗಿತ್ತು. ನನ್ನದೇ ಕೈಬರಹ. ಬಂದರು ಸೊನ್ನೆ, ಆತಿಥೇಯರು ಒಂದು.

ಎಸೆದುಬಿಟ್ಟೆ ಅಂದಿದ್ದೆ ನೀನು.

ಅದನ್ನು ಹಾಗೇ ಮೈಕಿನಲ್ಲಿ ಓದಿದೆ. ಇದು ನಾನು ಬರೆದದ್ದು, ತಪ್ಪು ನನ್ನದು, ಬೋರ್ಡಿನವರು ನಾನು ಬರೆದದ್ದನ್ನೇ ಹಾಕಿದ್ದು, ಸಮಿತಿಯ ಮುಂದೆ ನಾನು ಬಾಯಿ ಬಿಡಲಿಲ್ಲ ಅಂದೆ. ಅಲಂಕಾರವಿಲ್ಲದೆ ಇಷ್ಟೇ. ಜನ ಎಂಟುನೂರು ಇದ್ದಿರಬಹುದು. ಮೆಟ್ಟಿಲ ಕಡೆಯಿಂದ ಯಾರೋ 'ಥೂ' ಅಂದರು. ಸರಿಯಾಗೇ ಅಂದರು. ಎಲ್ಲರೂ ಗೂಡಿನ ಕಡೆ ನೋಡುತ್ತಿದ್ದರು.

ಆಗ ಮಾಲಿ ನಡುಮೈದಾನದಲ್ಲಿ ಸುಣ್ಣದ ಬಕೆಟ್ಟು ಕೆಳಗಿಟ್ಟ. ಟೋಪಿ ತೆಗೆದು ನಿನ್ನ ಬೋರ್ಡಿನ ಕಡೆ ತಿರುಗಿ ನಿಂತ. ಒಬ್ಬೊಬ್ಬರೇ ಕಣ್ಣು ಕೆಳಗಿಳಿಸಿದರು, ನನ್ನಿಂದ ಬೋರ್ಡಿಗೆ. ಆಮೇಲೆ ಚಪ್ಪಾಳೆ. ನಿನಗೆ ಹಿಂದೆ ಕೇಳಿಸಿರುತ್ತದೆ. ಆಟಗಾರರು ಮತ್ತೆ ಮೈದಾನಕ್ಕೆ ಇಳಿದರು ಅಂದುಕೊಂಡಿರುತ್ತೀಯ. ಅಲ್ಲ. ಆಟಗಾರರು ಇನ್ನೂ ಒಳಗೆ ನೀರು ಕುಡಿಯುತ್ತಿದ್ದರು. ಮೈದಾನದಲ್ಲಿ ಮಾಲಿ ಬಿಟ್ಟರೆ ಯಾರೂ ಇರಲಿಲ್ಲ. ಅತ್ತಿಗೆಗೂ ಇದನ್ನು ಓದಿ ಹೇಳು.

ಎರಡು-ಸೊನ್ನೆ ಗೆದ್ದೆವು. ಬಸ್ಸಿನ ಯಜಮಾನಿ ಕೊನೆಯವರೆಗೆ ಕೂತಿದ್ದರು. ಹೋಗುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹನ್ನೊಂದು ವರ್ಷ ತಡವಾಗಿ ಬಂದರೂ ಬಂತಲ್ಲ. ನಮ್ಮಲ್ಲೂ ಕೆಲವು ಬಸ್ಸು ಹಾಗೇ" ಅಂದರು. ನಿನ್ನೆ ಸಹಿ ಹಾಕಿದರು. ಅತಿ ಕೆಳಗಿನ ದರ್ಜೆಯಿಂದ ಶುರು, ಆಗಸ್ಟಿನಲ್ಲಿ ಮೊದಲ ಪಂದ್ಯ. ಮಾಲಿಯ ಕೆಲಸ ಖಾಯಂ. ಮಾಲಿ ಅದನ್ನು ಹುಲ್ಲಿಗೆ ತಿಳಿಸಲು ಹೋದ.

ಇನ್ನು ಕಚೇರಿ ವ್ಯವಹಾರ. ಹೊಸ ಯಜಮಾನಿಗೆ ಒಪ್ಪಿಸುವ ಮುಂಚೆ ಪಟ್ಟಿ ಮೇಡಂ ಹಲಗೆಗಳನ್ನು ಮತ್ತೆ ಎಣಿಸಿದರು. ಬೆಳಿಗ್ಗೆ ನೀನು ತಂದಾಗ ಪೂರ್ತಿ ಇದ್ದದ್ದು, ಸಂಜೆ ಮತ್ತೆ ಒಂದು ಮೂರು ಕಡಿಮೆ. ಎರಡು ಮೇಲಿತ್ತಲ್ಲ, ಕೈಯಲ್ಲಿ ಏನಿತ್ತು ಅಂತ ನನಗೆ ಈಗ ಗೊತ್ತು. ಮೇಡಂ ನನ್ನ ಮುಖ ನೋಡಿದರು. ನಾನು ಈ ಸಲ ಫ್ಯಾನು ನೋಡಲಿಲ್ಲ. "ಬಸ್ಸು ಹಿಡಿಯೋ ಆತುರದಲ್ಲಿ ಕಂಕುಳಲ್ಲೇ ಹೋಗಿದೆ ಮೇಡಂ" ಅಂದೆ. ಅವರು ಪೆನ್ನು ತೆಗೆದು ಬರೆದರು: 'ಮೂರು, ಒಂದು. ರಿಪೇರಿಗಾಗಿ ಬಡಗಿಯ ಬಳಿ ಇದೆ.'

ರಿಪೇರಿ ಮುಗಿದ ಮೇಲೆ ಖುದ್ದಾಗಿ ತಂದು ಒಪ್ಪಿಸತಕ್ಕದ್ದು.

ನಿನ್ನ,
ಮೈಕು


ಏಪ್ರಿಲ್ 11

ಮೈಕು,

ಮೂರಕ್ಕೆ ಬಣ್ಣ ಹಚ್ಚಿದ್ದೀನಿ. ಒಣಗಬೇಕು. ಆಗಸ್ಟಿಗೆ ಒಣಗುತ್ತೆ. ಇವಳೂ ಬರ್ತಾಳಂತೆ, ಪೇಟೆಗೆ ಹೋಗಬೇಕಂತೆ.

ದಾರ ಹಳೇದಾಗಿದೆ, ಬದಲಾಯಿಸು.

ಬೋರ್ಡು